ಒಂದೇ ಬಿಮಾನ, ಇಬ್ಬರು ಪೈಲಟ್

ಆಗೆಲ್ಲ ನಮ್ಮ ಕಡೆ ದೋಸ್ತಿಗಿಂತ ದುಶ್ಮನಿಯೇ ಗಟ್ಟಿ. ಕಾಲುವೆಯ ಏರಿ ಮೇಲೆ ನಿಂತು ನಾವು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗರಿಗೆ ಮಣ್ಣಿನ ಹೆಂಟೆ ಎಸೆಯುತ್ತಿದ್ದೆವು, ಅವರು ತಿರುಗಿ ನಮಗೆ. ನನ್ನ ಗುರಿ ಒಂದೂ ತಾಗುತ್ತಿರಲಿಲ್ಲ. ಅದಕ್ಕೇ ಬಾಯಿಂದ ಹೊಡೆಯುವುದನ್ನು ಕಲಿತೆ. ಯಾರು ಮಾತಾಡಿದರೂ ಅವರದೇ ದನಿಯಲ್ಲಿ ಅಣಕಿಸುತ್ತಿದ್ದೆ. ನನ್ನ ಸ್ವಂತ ದನಿ ಮಾತ್ರ ಒಡೆದ ಪೀಪಿ.

ತೊಂಬತ್ತರ ದಶಕದ ಒಂದು ಬೇಸಿಗೆ. ನಮ್ಮ ಗದ್ದೆ, ಕ್ಯಾಂಪಿನ ಗದ್ದೆ ಎರಡೂ ಒಂದೇ ಉಪಕಾಲುವೆಯ ತುದಿಗೆ. ನೆಲ್ಲು ಹಾಲು ಕಟ್ಟುವ ಹೊತ್ತಿಗೆ ಮೇಲಿನ ಊರಿನವರು ಕಳ್ಳ ಪೈಪು ಹಾಕಿ ನೀರೆಲ್ಲ ಹೀರತೊಡಗಿದರು. ಗದ್ದೆಯ ಹಸಿ ವಾಸನೆ ಹೋಗಿ ಮಣ್ಣು ಬಿರಿಯತೊಡಗಿತು.

ಒಂದು ಸಂಜೆ ಮಿರ್ಚಿ ಭಜಿಯ ಘಾಟಿನ ನಡುವೆ, ನಮ್ಮೂರ ಹೋಟೆಲಿನ ಬೆಂಚಿಗೆ ಕ್ಯಾಂಪಿನ ಮುದುಕನೊಬ್ಬ ಬಂದ. ಅವನನ್ನು ಎಲ್ಲರೂ ದಾದು, ಅಂದರೆ ಅಜ್ಜ, ಅನ್ನುತ್ತಿದ್ದರು. ಜಪಾನಿನ ವಿರುದ್ಧದ ದೊಡ್ಡ ಯುದ್ಧದ ಕಾಲಕ್ಕೆ ಅಸ್ಸಾಮಿನ ವಿಮಾನ ಅಡ್ಡೆಯಲ್ಲಿ ತಾಟು ತೊಳೆದವನು.

"ಮ್ಯಾಲಿನ ಊರಿಗೆ ಕೂಡಿ ಹೋಗೋಣ ಬಾಬು," ಎಂದ. "ಲಡಾಯಿಯಾಗ ನಾ ನೋಡಿನಿ. ಒಂದೇ ಬಿಮಾನ. ಚೀನಾದವ ನಡಸ್ತಾನ, ಬಾಜೂಕ ಅಮೇರಿಕಾದವ. ಒಬ್ರ ಮಾತು ಒಬ್ರಿಗೆ ತಿಳಿಯಲ್ಲ. ಊಟ ಬ್ಯಾರೆ, ರೋಜ್ ಬೈದಾಟ. ಆದ್ರ ಇಬ್ರಿಗೂ ದುಶ್ಮನ್ ಒಬ್ಬನೇ, ಜಪಾನಿನವ."

ನಮ್ಮ ಕಾಕಾ ಅರವತ್ತೆರಡರ ಚೀನಾ ಯುದ್ಧದ ಸುದ್ದಿ ರೇಡಿಯೋದಲ್ಲಿ ಕೇಳಿ ಬೆಳೆದವನು. ಉರಿದೆದ್ದ. "ನಮ್ಮ ಜವಾನರಿಗೆ ಗುಂಡ ಹೊಡದವ್ರು ಅವ್ರು! ಅಂಥವನ ಬಾಜೂಕ ಅಮೇರಿಕಾದವ ಕುಂತಿದ್ನಂತ! ಯಾರ ಕಿವ್ಯಾಗ ಹೂವ ಇಡ್ತೀ ಮುದುಕಾ?"

ನಾನು ಸುಮ್ಮನಿರುವ ಪ್ರಾಣಿಯೇ? ಬೆಂಚು ಹತ್ತಿದೆ. ಒಂದೇ ಸ್ಟೇರಿಂಗಿಗೆ ಕಿತ್ತಾಡುವ ಇಬ್ಬರು ಪೈಲಟ್‌ಗಳಾದೆ. ಆಮೇಲೆ ಕಾಕಾನಂತೆ ಮೀಸೆ ತಿರುವಿ, "ಏ, ಇಳೀರಿ ಇಬ್ರೂ, ಇದು ನಮ್ಮೂರ ಬಿಮಾನ!" ಎಂದು ಗುಡುಗಿದೆ. ಹೋಟೆಲೇ ನಕ್ಕಿತು. ದಾದುವೂ ಕಣ್ಣೊರೆಸಿಕೊಂಡು ನಕ್ಕ. ಕಾಕಾ ನಗಲಿಲ್ಲ, ನನ್ನ ಕಪಾಳಕ್ಕೆ ಬಾರಿಸಿದ.

"ಕ್ಯಾಂಪಿನವ್ರ ಕೂಡ ನಾವು ಹೆಜ್ಜಿ ಹಾಕೂದಿಲ್ಲ. ನಡಿ ಇಲ್ಲಿಂದ!"

ದಾದು ಎದ್ದ. "ನಿಮ್ಮ ಪ್ರೀತಿ ಬ್ಯಾಡ ಬಾಬು. ಆ ಇಬ್ರಿಗೂ ಪ್ರೀತಿ ಇರಲಿಲ್ಲ. ಬರೀ ನಾಳೆ ಬೆಳಿಗ್ಗೆ ಬನ್ನಿ."

ಮರುದಿನ ದಾದು ತನ್ನವರೊಂದಿಗೆ ತೂಬಿನ ಹತ್ತಿರ ಕಾಯುತ್ತಿದ್ದ. ಕಾಕಾ ನಮ್ಮವರನ್ನಷ್ಟೇ ಬೇರೆ ದಾರಿಯಲ್ಲಿ ಮೇಲಿನ ಊರಿಗೆ ಕರೆದೊಯ್ದ. ಮೇಲಿನವರು ಚಹಾ ಕೊಟ್ಟು, ಬೆನ್ನು ತಟ್ಟಿ, "ನಾವ್ ನೀರ ಬಿಟ್ಟೀವ್ರೀ. ಕ್ಯಾಂಪಿನವ್ರು ನಡುವ ತಿರುವ್ಯಾರ" ಎಂದರು. ಕಾಕಾ ಚಹಾದ ಜೊತೆ ಮಾತನ್ನೂ ನುಂಗಿದ. ನೇರ ಬಂದು ಕ್ಯಾಂಪಿನ ಕಾಲುವೆಗೆ ಮರಳಿನ ಚೀಲ ಒಟ್ಟಿಸಿದ. ಅವರು ನಮ್ಮ ಒಡ್ಡು ಒಡೆದರು. ಬಡಿಗೆಗಳು ಎದ್ದವು, ತಲೆಗಳು ಒಡೆದವು. ಬರುತ್ತಿದ್ದ ಬೆರಳಷ್ಟು ನೀರೂ ಹಳ್ಳ ಸೇರಿತು.

ಮೇಲಿನ ಊರಿನಲ್ಲಿ ಸುಗ್ಗಿಯಾಯಿತು. ನಮ್ಮ ತೆನೆಗಳು ಜೊಳ್ಳಾಗಿ ಬೆಳ್ಳಗೆ ನಿಂತವು. ಬದುವಿನ ಮೇಲಿಂದ ನೋಡಿದರೆ ಕ್ಯಾಂಪಿನವರ ಗದ್ದೆ ಯಾವುದು, ನಮ್ಮದು ಯಾವುದು ಗೊತ್ತೇ ಆಗುತ್ತಿರಲಿಲ್ಲ.

ಕಾಕಾ ಇಲ್ಲ, ದಾದು ಇಲ್ಲ. ಕೇಳಿದರೆ ಇಬ್ಬರ ದನಿಯನ್ನೂ ಈಗಲೂ ಆಡಿ ತೋರಿಸುತ್ತೇನೆ, ಜನ ನಗುತ್ತಾರೆ. ಕ್ಯಾಂಪಿನವರಿಗೂ ನಮಗೂ ಈಗ ಜಗಳವಿಲ್ಲ, ಸಂತೆಯಲ್ಲಿ ನಮಸ್ಕಾರವುಂಟು. ಆದರೆ ಬೈಸಿಕೊಳ್ಳುತ್ತೇನೆಂದು ಗೊತ್ತಿದ್ದೂ ಎದುರಿನವರ ಬೆಂಚಿಗೆ ಬಂದು ಕೂತು ಕರೆಯುವ ಮುದುಕ ಮಾತ್ರ ಎರಡೂ ಕಡೆ ಮತ್ತೆ ಹುಟ್ಟಲಿಲ್ಲ.