ನನ್ನ ಹಾಡು ಸಣ್ಣದೆಂದ ದೊಡ್ಡವ್ವ

ದೊಡ್ಡವ್ವನ ಕಣ್ಣು ಯಾವಾಗ ನೋಡಿದರೂ ಕೆಂಪು. ಬಿಳಿ ಗುಡ್ಡೆಯ ತುಂಬ ಎಳೆ ಎಳೆಯಾಗಿ ರಕ್ತ, ರೆಪ್ಪೆಯಂಚು ಊದಿ ಒದ್ದೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಳಗಳಲ್ಲಿ ವರ್ಷಾನುಗಟ್ಟಲೆ ಕೂತು ತೊಟ್ಟು ಬಿಡಿಸಿದ ಕಣ್ಣು ಅದು. ಹೊಸಬರು ನೋಡಿದರೆ ಈಗಷ್ಟೇ ಅತ್ತು ಎದ್ದು ಬಂದಿದ್ದಾಳೆ ಅನ್ನಬೇಕು. ಆದರೆ ಅವಳ ಅಳು ಅಷ್ಟು ಅಗ್ಗವಲ್ಲ. "ಮೆಣಸಿನಕಾಯಿ ಅಳಸೂದು ಬ್ಯಾರೆ, ಮನಶ್ಯಾ ಅಳಸೂದು ಬ್ಯಾರೆ," ಎನ್ನುತ್ತಿದ್ದಳು.

ಅವಳು ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ನಮ್ಮ ಹಿತ್ತಲ ಗೋಡೆಯಾಚೆ ತಮ್ಮನ ಸಂಸಾರದ ಜೊತೆ ಇದ್ದ ವಿಧವೆ. ಇಡೀ ಓಣಿಗೆ ದೊಡ್ಡವ್ವ. ಹೊರಗೆ ಅವಳ ಹೆಸರು ಹಬ್ಬಿದ್ದು ಮಾತ್ರ ಸತ್ತವರ ಮನೆಗಳಿಂದ. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರು ಉಂಡದ್ದು, ಉಟ್ಟದ್ದು, ಪಟ್ಟ ಪಾಡು, ಎಲ್ಲ ಅಲ್ಲೇ ಕೂತಲ್ಲೇ ಪದ ಕಟ್ಟಿ. ಹಾಗೆ ಎಲ್ಲರೂ ಅಳುತ್ತಾರೆ, ಅದರಲ್ಲೇನಿದೆ? ಆದರೆ ದೊಡ್ಡವ್ವ ಶುರುಮಾಡಿದಳೆಂದರೆ ಅಂಗಳದಲ್ಲಿ ನಿಂತ ಗಂಡಸರೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹಾವೇರಿ, ರಾಣೆಬೆನ್ನೂರಿನಿಂದಲೂ ಕರೆ ಬರುತ್ತಿತ್ತು.

ಅವಳಿಗೆ ಅದರ ಜಂಬವೂ ಇತ್ತು ಅನ್ನಿ. ಹೋದಲ್ಲಿ ಮೊದಲು ಅಡುಗೆಮನೆಗೆ ನುಗ್ಗಿ, ಸತ್ತಾಕೆ ಏನು ಇಷ್ಟಪಟ್ಟು ಉಣ್ಣುತ್ತಿದ್ದಳು, ಯಾರ ಜೊತೆ ಮಾತು ಬಿಟ್ಟಿದ್ದಳು ಎಂದೆಲ್ಲ ಕೇಳಿಕೊಂಡೇ ಹೆಣದ ಮುಂದೆ ಕೂರುವುದು. ಇಲ್ಲದ ಗುಣ ಹಾಡುತ್ತಿರಲಿಲ್ಲ. "ಸುಳ್ಳು ಹಾಡಿದ್ರ ಕಣ್ಣೀರು ಬರಂಗಿಲ್ಲ ಯವ್ವಾ, ಬರೇ ಮೂಗು ಸೋರತೈತಿ!" ಒಮ್ಮೆ ನಮ್ಮ ಓಣಿಯಲ್ಲೇ ಒಬ್ಬ ಗಯ್ಯಾಳಿ ಅತ್ತೆ ಸತ್ತಳು. ಬಂದವರೆಲ್ಲ ಆಕೆಯನ್ನು ಮಹಾತಾಯಿ ಮಾಡಿ ಹಾಡುತ್ತಿದ್ದರೆ ದೊಡ್ಡವ್ವ ದನಿ ಎತ್ತಿ, "ಬೆಕ್ಕಿಗೆ ಹಾಲ ಹಾಕಿದಿ, ಸೊಸಿಗೆ ತಂಗಳ ಹಾಕಿದಿ, ನನ್ನವ್ವಾ" ಎಂದುಬಿಟ್ಟಳು. ಅಲ್ಲಿಯವರೆಗೆ ಒಣಗಣ್ಣಲ್ಲಿ ಮೂಲೆಗೆ ಕೂತಿದ್ದ ಸೊಸೆ ಆಗ ಹೋ ಎಂದು ಅತ್ತಳು ನೋಡಿ, ಹಿಡಿಯಲು ನಾಲ್ಕು ಜನ ಬೇಕಾಯಿತು.

ಇಂಥವಳು ನನಗೂ ಹಾಡಿದಳು. ನಾನು ಜೀವಂತ ಇರುವಾಗ.

ಆಗ ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿಬರುತ್ತಿದ್ದೆ. ಓಣಿಯವರಿಗೆಲ್ಲ ನಾನು ಅಕ್ಕೋರು. ಮನೆಮನೆಗೆ ಮೊಬೈಲ್ ಬರತೊಡಗಿದ್ದ ಕಾಲ ಅದು. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವಿಲ್ಲ, ಏನಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರೆ ಕ್ಯಾನ್ಸರ್ ಎಂದರು. ಆಮೇಲೆ ಡಾಕ್ಟರು ಏನು ಹೇಳಿದರೋ ಒಂದಕ್ಷರ ಕಿವಿಗೆ ಬೀಳಲಿಲ್ಲ. ಆಪರೇಷನ್ ಆಗಿ ಎಚ್ಚರವಾದಾಗ ಎಡಗಡೆ ಬರೀ ಬ್ಯಾಂಡೇಜು.

ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. "ಆ ಜಡ್ಡು" ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ನೋಡಲು ಬಂದವರೆಲ್ಲ ನಗುಮುಖ ಹೊತ್ತು "ಏನೂ ಆಗಂಗಿಲ್ಲ ಬಿಡ್ರಿ ಅಕ್ಕೋರ" ಎನ್ನುವವರೇ. ಆಗಿದ್ದು ಆಗಿಹೋಗಿತ್ತಲ್ಲ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡನೇ ಕೀಮೋ ಆಗುವ ಹೊತ್ತಿಗೆ ಕೂದಲು ಉದುರಿ, ಬಾಯಲ್ಲಿ ಹುಣ್ಣಾಗಿ, ನೀರು ಕೂಡ ಒಳಗೆ ನಿಲ್ಲದಂತಾಯಿತು. ಇನ್ನು ಹುಬ್ಬಳ್ಳಿಗೆ ಬರುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಬರಲಿ ಎಂದೆ. ನಮ್ಮ ಮನೆಯವರು ಮಂಚದ ಬದಿ ಕೂತು ಬೇಡಿಕೊಂಡರು. ಹತ್ತು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ನನ್ನ ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ದೊಡ್ಡವ್ವ ದಿನಾ ಬರುತ್ತಿದ್ದಳು. ಮೆಣಸಿನಕಾಯಿ ಘಾಟು ನನಗೆ ತಾಕೀತೆಂದು ಸ್ನಾನ ಮಾಡಿ, ಸೀರೆ ಬದಲಿಸಿಯೇ ಬರುವುದು. ಸುಮ್ಮನೆ ಕೂತು ಹೋಗುತ್ತಿದ್ದಳು. ಏನೂ ಆಗಂಗಿಲ್ಲ ಅನ್ನದೇ ಇದ್ದವಳು ಅವಳೊಬ್ಬಳೇ. ಒಂದು ಮಧ್ಯಾಹ್ನ ನನಗೇನನ್ನಿಸಿತೋ, ಯಾರನ್ನಾದರೂ ಚುಚ್ಚಬೇಕೆಂದು ಬಾಯಿ ಕಡಿಯುತ್ತಿತ್ತು, "ದೊಡ್ಡವ್ವಾ, ನಾ ಸತ್ರ ನೀ ಏನ್ ಹಾಡ್ತೀ?" ಎಂದೆ.

ಬಿಡ್ತು ಅನ್ನು ಎಂದು ಬೈಯುತ್ತಾಳೆ ಅಂದುಕೊಂಡೆ. ಚಹಾ ತಂದಿದ್ದ ನಮ್ಮತ್ತೆ ಕಪ್ಪು ಕೆಳಗಿಟ್ಟು ನನ್ನ ಬಾಯಿ ಮುಚ್ಚಲು ಬಂದರು. ದೊಡ್ಡವ್ವ ಹೊರಗೆ ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಮಂಚದ ಪಕ್ಕ ನೆಲಕ್ಕೆ ಕೂತು, ಒಂದು ಕೈಯಿಂದ ನೆಲ ಬಡಿದು, ದನಿ ಎತ್ತಿಯೇಬಿಟ್ಟಳು.

"ಹೊತ್ತು ಹುಟ್ಟೂಕ ಗಾಡಿ ಹಿಡಿಯಾಕಿ, ನನ್ನವ್ವಾ,
ಕಟ್ಟಿದ ಬುತ್ತಿ ಮರತು ಹೋಗಾಕಿ, ನನ್ನವ್ವಾ,
ಊರ ಮಕ್ಕಳ ಅಕ್ಷರ ತಿದ್ದಾಕಿ, ಮಗಳ ಹೆಳಲ ಹಾಕದಾಕಿ, ನನ್ನವ್ವಾ..."

ಅಯ್ಯ ಶಿವನೇ! ಅತ್ತೆ "ಏ ಹುಚ್ಚಿ, ಬಾಯಿ ಮುಚ್ಚು" ಎಂದು ಕೂಗಿದರು. ದೊಡ್ಡವ್ವ ಕಣ್ಣು ಮುಚ್ಚಿದ್ದಳು, ಅವಳಿಗೆ ಯಾರ ಹಂಗು?

"ಒಂದು ಮೊಲಿ ಹುಬ್ಬಳ್ಳ್ಯಾಗ ಬಿಟ್ಟು ಬಂದಿ, ನನ್ನವ್ವಾ,
ಕೂಸಿಗೆ ಹಾಲು ಕೊಟ್ಟಿದ್ದ ಮೊಲಿ, ನನ್ನವ್ವಾ,
ಅದಕ್ಕ ಮಣ್ಣು ಕೊಟ್ಟೋರಿಲ್ಲ, ಅದಕ್ಕ ಅತ್ತೋರಿಲ್ಲ, ನನ್ನವ್ವಾ..."

ಅಷ್ಟು ದಿನ ಆ ಮಾತನ್ನು ಯಾರೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಹೊಟ್ಟೆಯೊಳಗಿಂದ ಎದ್ದು ಬಂದ ದನಿ ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಳತೊಡಗಿದೆ, ಬಿಕ್ಕಿ ಬಿಕ್ಕಿ ಅತ್ತೆ, ದಿಂಬು ತೊಯ್ದು ಹೋಗುವಷ್ಟು ಅತ್ತೆ.

ಹೊರಗೆ ಅನಾಹುತವೇ ಆಗಿತ್ತು. ದೊಡ್ಡವ್ವನ ದನಿ ನಮ್ಮ ಮನೆಯಿಂದ ಬಂತೆಂದರೆ ಓಣಿಯವರು ಮತ್ತೇನು ತಿಳಿಯಬೇಕು? ಅಕ್ಕೋರು ಹೋದರು! ಒಲೆ ಆರಿಸಿ ಹೆಂಗಸರು ಓಡಿ ಬಂದರು. ಯಾರೋ ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಮಾರ್ಕೆಟ್ ಯಾರ್ಡಿಗೆ ಫೋನ್ ಮಾಡಿ ಅವರಿಗೆ ತಿಳಿಸಿದರು, ಮತ್ಯಾರೋ ರಾಣೆಬೆನ್ನೂರಿಗೆ ಮಾಡಿದರು. ಅಲ್ಲಿ ನಮ್ಮ ಹೆಡ್‌ಮಾಸ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿ, ನನ್ನ ಗುಣಗಾನ ಮಾಡಿ, ಶಾಲೆಗೆ ಸೂಟಿ ಕೊಟ್ಟೇಬಿಟ್ಟರು. ನಮ್ಮ ಮನೆಯವರು ಚಪ್ಪಲಿಯಿಲ್ಲದೆ ಓಡಿ ಬಂದು ಜನರನ್ನು ಸರಿಸಿ ಒಳಗೆ ಕಾಲಿಟ್ಟಾಗ, ಹೆಣ ಮಂಚದ ಮೇಲೆ ಎದ್ದು ಕೂತು ದೊಡ್ಡವ್ವನ ಜೊತೆ ಜಗಳಕ್ಕೆ ನಿಂತಿತ್ತು.

"ಹೆಳಲ ಹಾಕಂಗಿಲ್ಲ ಅಂತ ಹೆಂಗ್ ಹಾಡಿದಿ? ಐತವಾರಕ್ಕೊಮ್ಮೆ ಅಕಿ ತಲಿ ಬಾಚಿ ನಾನ ಹಾಕ್ತಿದ್ದೆ!"

"ವಾರಕ್ಕ ಒಂದಿನಾ! ಅದನ್ನ ಹಾಡೂದೇನು? ಎದ್ದು ದಿನಾ ಹಾಕು, ಪದ ಬದಲ ಮಾಡ್ತೇನಿ."

ನಮ್ಮ ಮನೆಯವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ಬಿಳಿಚಿದ ಆ ಮುಖ ಈಗಲೂ ಕಣ್ಣ ಮುಂದಿದೆ. ದೊಡ್ಡವ್ವನನ್ನು ಬಾಯಿಗೆ ಬಂದಂತೆ ಬೈದರು, ಅತ್ತೆಯೂ ದನಿಗೂಡಿಸಿದರು. ಅವಳು ಸೆರಗು ಕೊಡವಿ ಎದ್ದು, ನನ್ನನ್ನು ಮಾತ್ರ ನೋಡುತ್ತ ಹೇಳಿದಳು: "ಭಾಳ ಸಣ್ಣ ಹಾಡು ಆತವ್ವಾ ನಿಂದು. ಇಷ್ಟಕ್ಕ ಸತ್ತರ ನನ್ನ ಮರ್ಯಾದಿ ಹೊಕ್ಕೈತಿ. ಲಗೂ ಹುಬ್ಬಳ್ಳಿಗೆ ಹೋಗಿ ಬಾ."

ಹೋದೆ. ಉಳಿದ ಕೀಮೋ ಎಲ್ಲ ಮುಗಿಸಿದೆ.

ಪ್ರತಿಸಲ ಬಂದ ಮೇಲೆ ದೊಡ್ಡವ್ವ ಹಿತ್ತಲ ಬಾಗಿಲು ಹಾಕಿ ಕೂರಿಸಿಕೊಳ್ಳುತ್ತಿದ್ದಳು. ಹೋದ ಕೂದಲಿಗೆ ಒಂದು ಪದ, ಕಪ್ಪಾದ ಉಗುರಿಗೆ ಒಂದು ಪದ. ಈಗ ಕಟ್ಟುವವಳು ನಾನು. ಅವಳು ನೆಲ ಬಡಿದು ತಾಳ ಹಾಕುವಳು, ಸುಳ್ಳು ನುಸುಳಿತೆಂದರೆ ತಾಳ ನಿಲ್ಲಿಸುವಳು. ಆಸ್ಪತ್ರೆಯಲ್ಲಿ ಪರಿಚಯವಾದ ಕರ್ಜಗಿಯ ಹೆಂಗಸೊಬ್ಬಳು, ಅವಳಿಗೂ ಅದೇ ರೋಗ, ಬಸ್ಸು ಹಿಡಿದು ಬಂದು ನಮ್ಮ ಜೊತೆ ಕೂತು ಅತ್ತು, ಚಹಾ ಕುಡಿದು, ನಗುತ್ತ ಹೋಗುತ್ತಿದ್ದಳು. ಇಂಥದಕ್ಕೆ ದೊಡ್ಡ ಊರುಗಳಲ್ಲಿ ಚಿಕಿತ್ಸೆ ಎಂದು ಹೆಸರಿದೆಯಂತೆ. ನಾವು ದೊಡ್ಡವ್ವನ ಹಿತ್ತಲು ಅನ್ನುತ್ತಿದ್ದೆವು.

ಒಂದೇ ಒಂದು ಸಲ ಅವಳು ನನ್ನ ಜೊತೆ ಹುಬ್ಬಳ್ಳಿಗೂ ಬಂದಳು. ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಾಗ, "ನಿನಗ ಮೊದಲಿಗೆ ನೋಯ್ತಿತ್ತೇನು?" ಎಂದು ಕೇಳಿದಳು. "ಇಲ್ಲ ದೊಡ್ಡವ್ವಾ, ನೋಯಲಿಲ್ಲ, ಅದಕ್ಕ ನೋಡು ಯಾರಿಗೂ ಗೊತ್ತಾಗಂಗಿಲ್ಲ," ಎಂದೆ. "ಹೂಂ," ಎಂದು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಮುಂದೆ ಮೂರ್ನಾಲ್ಕು ವರ್ಷಕ್ಕೆ ಅವಳು ಸೊರಗತೊಡಗಿದಳು. ಕೇಳಿದರೆ ವಯಸ್ಸಾತಲ್ಲ ಎನ್ನುವಳು, ಘಾಟು ಹತ್ತಿ ಕೆಮ್ಮು ಎನ್ನುವಳು. ಒಂದು ಮುಂಜಾನೆ ಏಳಲೇ ಇಲ್ಲ. ಮೈ ತೊಳೆಯಲು ಕುಬಸ ಬಿಚ್ಚಿದ ತಮ್ಮನ ಹೆಂಡತಿ ಚೀರಿಕೊಂಡು ಹೊರಗೆ ಬಂದು ನನ್ನ ಕೈ ಹಿಡಿದು ಒಳಗೆಳೆದಳು.

ಬಲ ಎದೆಯ ಮೇಲೆ ಅರಿಶಿನ ಹಚ್ಚಿದ ಹಳೆಯ ಬಟ್ಟೆ ಬಿಗಿದಿತ್ತು. ಬಿಚ್ಚಿದರೆ ಕಲ್ಲಿನಂಥ ಗಂಟು, ಒಡೆದು ಹುಣ್ಣಾಗಿದೆ. ಊರಿನವರ ಸಂಕಟವನ್ನೆಲ್ಲ ಹಾಡಿ ಹೊರಹಾಕಿಸಿದವಳು! ನನ್ನದನ್ನು ಹೆಸರು ಹಿಡಿದು ಕೂಗಿದವಳು! ಆ ಬೆಂಚಿನಿಂದ ಡಾಕ್ಟರ ಬಾಗಿಲು ಒಂದು ಮಾರು ದೂರವೂ ಇರಲಿಲ್ಲ. ಎದ್ದು ಒಳಗೆ ಬರಲು ಏನಾಗಿತ್ತು ಇವಳಿಗೆ?

ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹೂವು ಏರಿಸಿ, ಭಸ್ಮ ಹಚ್ಚಿದರು. ಅಂಗಳ ತುಂಬ ಜನ. ಯಾರೂ ದನಿ ಎತ್ತಲಿಲ್ಲ. ಅವಳ ಮುಂದೆ ಹಾಡುವ ಧೈರ್ಯ ಯಾರಿಗಿದೆ? ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಅವಳ ಪಕ್ಕ ಕೂತೆ. ನೆಲಕ್ಕೆ ಕೈ ಬಡಿದೆ.

"ಮಂದೀದೆಲ್ಲ ಹಾಡಿದಿ, ನಿಂದು ಹೇಳಲಿಲ್ಲ, ನನ್ನವ್ವಾ,
ಹುಬ್ಬಳ್ಳಿ ತನಕ ಬಂದಿ, ಬಾಗಿಲ ದಾಟಲಿಲ್ಲ, ನನ್ನವ್ವಾ,
ನನಗ ಮಾತ್ರ ಬದುಕಂದಿ, ನೀ ಮೋಸ ಮಾಡಿದಿ, ನನ್ನವ್ವಾ..."

ಹಾಡುತ್ತಿದ್ದೆನೋ ಬೈಯುತ್ತಿದ್ದೆನೋ ಗೊತ್ತಿಲ್ಲ. ಮುಚ್ಚಿಟ್ಟ ಗಂಟನ್ನು ಹಾಡಿದೆ, ಎಲೆಅಡಿಕೆ ಹಾಡಿದೆ, ಅವಳ ಜಂಬವನ್ನೂ ಬಿಡಲಿಲ್ಲ. ಸುಳ್ಳು ಒಂದೂ ಇರಲಿಲ್ಲ, ಕಣ್ಣೀರು ಧಾರಾಕಾರ ಇಳಿಯುತ್ತಿತ್ತು. ಹೊತ್ತು ಇಳಿಯುತ್ತ ಬಂದಾಗ ಅವಳ ತಮ್ಮ ಬಂದು, "ಅಕ್ಕೋರ, ಸಾಕ್ ಮಾಡ್ರಿನ್ನ, ಮಣ್ಣಿಗೆ ಹೊತ್ತಾತು," ಎಂದು ಭುಜ ಮುಟ್ಟಿದ.

"ತಡಿಯಪ್ಪಾ," ಎಂದೆ. "ಇನ್ನೂ ಅರ್ಧಾನೂ ಆಗಿಲ್ಲ."