ಟೇಪಣ್ಣ ಇಳಿಯದ ಮೆಟ್ಟಿಲುಗಳು

ಪುರಸಭೆಯಲ್ಲಿ ಅಳತೆಗಾರನಾಗಿ ಮೂವತ್ತೊಂದು ವರ್ಷ ಸವೆಸಿದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗುಡ್ಡದ ಬಡಾವಣೆಯವರಿಗೆಲ್ಲ ಅವನು ಟೇಪಣ್ಣ. ಮದುವೆ ಮನೆಗೆ ಹೋದರೂ ಜೇಬಿನಲ್ಲಿ ಟೇಪು ಇರುತ್ತಿತ್ತು. "ನನ್ನನ್ನ ಒಪ್ಕೊಳ್ಳೋ ಮುಂಚೆ ಎತ್ತರ ಎಷ್ಟು ಅಂತ ಕಣ್ಣಲ್ಲೇ ಅಳೆದುಬಿಟ್ಟಿದ್ರು ಕಣ್ರೀ" ಎಂದು ಹೆಂಡತಿ ಬಂದವರೆದುರು ಕಾಲೆಳೆಯುತ್ತಿದ್ದಳು. ನಗಲಿ ಬಿಡಿ. ಟೇಪಣ್ಣ ಬರೆದ ಅಂಕಿಯನ್ನು ಎರಡನೇ ಸಲ ಅಳೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಆ ಗುಡ್ಡದ ಮನೆಗಳು ಅರವತ್ತೆಪ್ಪತ್ತು ವರ್ಷದ ಹಿಂದಿನವು. ಚಪ್ಪಟೆ ತಾರಸಿ, ಒಳಗೆ ಮರದ ಹಲಗೆಯ ಚಾವಣಿ, ಕಣಿವೆಯ ಕಡೆಗೆ ಗೋಡೆಯೇ ಇಲ್ಲ, ನೆಲದಿಂದ ಮೇಲಿನವರೆಗೂ ಗಾಜು. ರಸ್ತೆಯಿಂದ ರಸ್ತೆಗೆ ಕಲ್ಲಿನ ಮೆಟ್ಟಿಲು. ಹಾಲು, ಅಂಚೆ, ಕ್ಷೌರ, ಏನೇ ಬೇಕಿದ್ದರೂ ನಡೆದೇ ಹೋಗಿಬರಬಹುದು. ಕೆಳಗಿನ ಮನೆಯ ತಾರಸಿ ಅಡ್ಡ ಬರದೆ ಹಿಂದಿನ ಮನೆಯವರಿಗೆ ಊರು ಕಾಣಬೇಕು, ಅದಕ್ಕೆಂದೇ ಒಂದು ನಿಯಮ: ಕೆಳರಸ್ತೆಯಿಂದ ಅಳೆದರೆ ಯಾವ ಮನೆಯೂ ಇಪ್ಪತ್ತೆರಡು ಅಡಿ ದಾಟಕೂಡದು. ಅದನ್ನು ಕಾಯುವ ಕೆಲಸ ಟೇಪಣ್ಣನದು.

ಮೇಲುರಸ್ತೆಯ ತಿರುವಿನಲ್ಲಿ ನರ್ಸಕ್ಕನ ಮನೆ. ಮೂವತ್ತೈದು ವರ್ಷ ಕಿಟಕಿ ಇಲ್ಲದ ಹೆರಿಗೆ ಕೋಣೆಯಲ್ಲಿ ದುಡಿದ ಹೆಂಗಸು. "ನಾನು ಮನೆ ಕೊಂಡಿಲ್ಲ, ಗಾಜು ಕೊಂಡೆ" ಎನ್ನುತ್ತಿದ್ದಳು. ಬೆಳಿಗ್ಗೆ ಚಹಾ ಹಿಡಿದು ಕೂತರೆ ಹೊಳೆ, ಸೇತುವೆ, ಸೇತುವೆಯ ಮೇಲೆ ರೈಲು, ಎಲ್ಲ ಕಾಲ ಬುಡದಲ್ಲಿ. "ಎಲೆಕ್ಷನ್ ಇಲ್ದೆ ಮೇಲ್ಮನೆ ಸೇರಿದವಳು ನಾನೊಬ್ಬಳೇ" ಎಂದು ತಾನೇ ನಗುತ್ತಿದ್ದಳು. ಟೇಪಣ್ಣನ ಮಗಳು ಅಡ್ಡ ತಿರುಗಿ ಹೊಟ್ಟೆಯಲ್ಲೇ ಸಿಕ್ಕಿಕೊಂಡಿದ್ದಾಗ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟ ಕೈ ಅವಳದು.

ಅವಳ ಮುಂದಿನ ಕೆಳಮನೆಯವರು ತಾರಸಿಯ ಮೇಲೊಂದು ಕೋಣೆ ಎಬ್ಬಿಸಲು ಅರ್ಜಿ ಕೊಟ್ಟರು. ಸೊಸೆ ಬಸುರಿ, ಜಾಗ ಸಾಲದು. ಟೇಪಣ್ಣ ಹೋಗಿ, ಕೋಣೆ ಸೇರಿದರೆ ಮನೆ ಎಷ್ಟೆತ್ತರ ಆಗುತ್ತದೆಂದು ಹಿತ್ತಿಲ ನೆಲದಿಂದ ಅಳೆದು ಲೆಕ್ಕ ಹಾಕಿದ. ಇನ್ನು ಹಿತ್ತಿಲಿಗೂ ಕೆಳರಸ್ತೆಗೂ ಎಷ್ಟು ಇಳಿಜಾರು ಎಂಬುದನ್ನು ಅಳೆಯಬೇಕಿತ್ತು. ಅದಕ್ಕೆ ಸುತ್ತು ಹಾಕಿ ನೂರಾ ಹನ್ನೆರಡು ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿ ಆ ದಿನ ಪ್ರಾಣ ಹಿಂಡುತ್ತಿತ್ತು. ಅಲ್ಲೇ ನಿಂತಿದ್ದ ಮೇಸ್ತ್ರಿಯನ್ನು ಕೇಳಿದ.

"ಕೆಳಗೆ ಎಷ್ಟು ಬರುತ್ತಪ್ಪಾ?"

"ಮೂರಡಿ ಬರಬಹುದು ಸಾರ್."

ಬರಬಹುದಂತೆ! ಟೇಪಣ್ಣ ಮೂರು ಎಂದು ಬರೆದ, ಒಟ್ಟು ಇಪ್ಪತ್ತೆರಡರೊಳಗೇ ಬಂತು, ಸಹಿ ಹಾಕಿದ. ಮೂವತ್ತೊಂದು ವರ್ಷದಲ್ಲಿ ಅದೊಂದೇ ಸಲ.

ತಕರಾರು ಹೇಳಲು ಹದಿನೈದು ದಿನ ಗಡುವು. ಹದಿಮೂರನೆಯ ದಿನ ನರ್ಸಕ್ಕ ಬೇಕರಿಯ ಮುಂದೆ ಅವನನ್ನು ನಿಲ್ಲಿಸಿದಳು.

"ನನ್ನ ಗಾಜಿಗೆ ಅಡ್ಡ ಬರುತ್ತೇನೋ ಅಂತ ಭಯ ಕಣೋ. ಅರ್ಜಿ ಬರೆದಿಟ್ಟಿದ್ದೀನಿ. ಅಳೆದೋನು ನೀನೇ ತಾನೇ?"

"ನಾನೇ ಅಕ್ಕಾ."

"ಕೆಳಗಿಳಿದು?"

"ಹ್ಞೂಂ" ಎಂದುಬಿಟ್ಟ. ಹಾಳು ನಾಲಿಗೆ, ಒಂದು ಕ್ಷಣ ತಡೆಯಬಾರದಿತ್ತೇ?

"ಸರಿ ಹಾಗಾದ್ರೆ. ನೀನು ಅಳೆದ ಮೇಲೆ ನನ್ನದೇನಿದೆ" ಎಂದು ಅವಳು ಅವನ ಕೈಗೆ ಎರಡು ಬನ್ನು ತುರುಕಿ ಹೋದಳು. ಅರ್ಜಿ ಮನೆಯಲ್ಲೇ ಉಳಿಯಿತು.

ಎರಡು ತಿಂಗಳಿಗೆ ಗೋಡೆ ಎದ್ದಿತು. ಆಗ ಟೇಪಣ್ಣ ಹಲ್ಲು ಕಚ್ಚಿ ನೂರಾ ಹನ್ನೆರಡೂ ಮೆಟ್ಟಿಲು ಇಳಿದು ಅಳೆದ. ಮೂರಡಿಯಲ್ಲ, ಒಂಬತ್ತು. ಆರಡಿ ಹೆಚ್ಚಿಗೆ ಎದ್ದ ಇಟ್ಟಿಗೆ ನರ್ಸಕ್ಕನ ಗಾಜಿಗೆ ಸರಿಯಾಗಿ ಅಡ್ಡ ನಿಂತಿತ್ತು. ಅಂದಿನಿಂದ ಅನ್ನ ರುಚಿಸಲಿಲ್ಲ, ರಾತ್ರಿ ನಿದ್ದೆ ಹತ್ತಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆ. ಬೇಕರಿಯ ದಾರಿ ಬಿಟ್ಟು ಸುತ್ತು ಬಳಸಿ ಕಚೇರಿಗೆ ಹೋಗತೊಡಗಿದ. ಆಗ ಮಂಡಿನೋವು ನೆನಪಾಗಲಿಲ್ಲ ನೋಡಿ!

ಕೊನೆಗೊಂದು ಭಾನುವಾರ ಬೆಳಿಗ್ಗೆ ಅವಳ ಬಾಗಿಲು ತಟ್ಟಿದ. ಒಳಗೆ ಹಗಲಲ್ಲೇ ದೀಪ ಉರಿಯುತ್ತಿತ್ತು. ಕುರ್ಚಿಯನ್ನು ಅಡುಗೆಮನೆಯ ಕಡೆ ತಿರುಗಿಸಿಕೊಂಡಿದ್ದಳು. ಕೂತವನೇ ಮೆಟ್ಟಿಲು, ಮೇಸ್ತ್ರಿ, ಮೂರಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ತಪ್ಪಾಯ್ತು ಅಕ್ಕಾ" ಎನ್ನುವಾಗ ಅಳು ಬಂತು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು.

ನರ್ಸಕ್ಕ ಬಯ್ಯಲಿಲ್ಲ. ಎದ್ದು ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ಅವನ ಮುಂದಿಟ್ಟಳು.

"ಇಷ್ಟನ್ನೇ ಬರೆದು ಕೊಡು. ನನ್ನ ತಕರಾರಿಗೆ ಗಡುವು ಮುಗೀತು, ಆದ್ರೆ ಕಚೇರಿಯವರ ಅಳತೆ ತಪ್ಪು ಅಂತ ಕಚೇರಿಯವನೇ ಬರೆದ್ರೆ ಈಗಲೂ ನಿಲ್ಲಿಸಬಹುದು. ಇನ್ನೂ ಮೇಲೆ ಸ್ಲ್ಯಾಬ್ ಹಾಕಿಲ್ಲ."

ಟೇಪಣ್ಣ ಹಾಳೆಯನ್ನೇ ನೋಡಿದ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ವಿಚಾರಣೆ, ನೋಟಿಸು, ಹಾರ ಹಾಕಿ ಕಳಿಸಬೇಕಾದವರು ಬೆನ್ನ ಹಿಂದೆ ಆಡುವ ಮಾತು, ಒಂದೊಂದಾಗಿ ಕಣ್ಣ ಮುಂದೆ ಬಂದವು. ಪೆನ್ನು ಎತ್ತಿದ, ಮತ್ತೆ ಇಟ್ಟ.

"ನಾಲ್ಕೇ ತಿಂಗಳು ಅಕ್ಕಾ. ರಿಟೈರ್ ಆಗ್ಲಿ, ಆಮೇಲೆ ಖಂಡಿತ..."

"ಅಷ್ಟೊತ್ತಿಗೆ ಕೆಳಮನೆ ಸೊಸೆ ಆ ಕೋಣೇಲಿ ಮಗು ಮಲಗಿಸಿರ್ತಾಳೆ. ಮಗು ಮಲಗಿರೋ ಗೋಡೆ ಒಡೀರಿ ಅಂತ ನಾನು ಹೇಳ್ತೀನೇನೋ?"

ಅವನು ಖಾಲಿ ಹಾಳೆಯನ್ನು ಅವಳ ಕಡೆಗೆ ಸರಿಸಿದ.

"ಟೇಪಣ್ಣನ ಅಳತೆ, ಸರಿಯಾಗೇ ಇರುತ್ತೆ, ನನ್ನ ಹಣೆಬರಹ ಇಷ್ಟೇ ಅಂತ ಹೆಂಗೋ ಒಗ್ಗಿಕೊಂಡಿದ್ದೆ ಕಣೋ" ಎಂದಳು ನರ್ಸಕ್ಕ. ದನಿ ಏರಲಿಲ್ಲ. "ಬರೆದು ಕೊಡೋಕೆ ಆಗಲ್ಲ ಅಂದ್ಮೇಲೆ ನನಗೆ ಯಾಕೆ ಹೇಳಿದೆ?"

ಉತ್ತರ ಅವನಿಗೆ ಗೊತ್ತಿತ್ತು. ತನಗೆ ನಿದ್ದೆ ಬರಲಿ ಎಂದು ಹೇಳಿದ್ದ.