ಅವ್ವನ ಬೆಳ್ಳನೆಯ ಬಲಗೈ

ತುರ್ಭೆಯ ಕಾರ್ಖಾನೆಯ ಪ್ರೆಸ್ ಮಷೀನು ಅವ್ವನ ಬಲಗೈಯನ್ನು ಮಣಿಕಟ್ಟಿನವರೆಗೆ ತಿಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಲ್ಲಿಂದೀಚೆಗೆ ರೊಟ್ಟಿ ಬಡಿದದ್ದು, ನನ್ನ ಜಡೆ ಹೆಣೆದದ್ದು ಎಲ್ಲ ಎಡಗೈಯೇ. ಆ ರೊಟ್ಟಿ ತಿನ್ನಲು ಕೋಪರಖೈರಣೆಯ ನಮ್ಮ ಮನೆಗೆ ಬರುತ್ತಿದ್ದ ಬಂಧುಗಳಿಗೆ ಎಡ-ಬಲದ ನೆನಪೇ ಇರುತ್ತಿರಲಿಲ್ಲ.

ನೆನಪಾದದ್ದು ನನ್ನ ಕುಬಸಕ್ಕೆ. ಏಳನೆಯ ತಿಂಗಳಲ್ಲಿ ಬಸುರಿ ಮಗಳ ಉಡಿಯನ್ನು ಮೊದಲು ತುಂಬಬೇಕಾದವಳು ತಾಯಿ. ಅವ್ವ ನನ್ನ ಮದುವೆಯಾದಂದಿನಿಂದ ಅದಕ್ಕೇ ಕಾಯುತ್ತಿದ್ದಳು.

“ಎಡಗೈಲೆ ಉಡಿ ತುಂಬತಾರೇನ್ರಿ ವೈನಿ? ನಾ ತುಂಬತೀನಿ ಬಿಡ್ರಿ,” ಎಂದಳು ಅಪ್ಪನ ತಂಗಿ, ನನ್ನ ಸೋದರತ್ತೆ. ಎಂಥ ತ್ಯಾಗ! ಅವ್ವ ಅಂದು ಉಣ್ಣಲಿಲ್ಲ. ಮರುದಿನ, “ಕೈ ಮಾಡಸೋಣ ನಡಿ,” ಎಂದಳು.

ವಾಶಿಯಲ್ಲಿ ಕೃತಕ ಕೈಕಾಲು ಮಾಡುವವನು ನಮ್ಮ ಮುಂದೆ ಎರಡು ಕೈ ಇಟ್ಟ. ಒಂದು ಉಕ್ಕಿನ ಕೊಕ್ಕೆ. ನೋಡಲು ಬಾವಿಯ ಪಾತಾಳಗರಡಿ, ಆದರೆ ಸೂಜಿಯನ್ನೂ ಎತ್ತುತ್ತಿತ್ತು. ಇನ್ನೊಂದು ಸಿಲಿಕಾನಿನದು. ಅದಕ್ಕೆ ಉಗುರು, ನರ, ಅಂಗೈ ಗೆರೆ ಎಲ್ಲ ಇದ್ದವು, ಕೆಲಸವೊಂದು ಬರುತ್ತಿರಲಿಲ್ಲ. “ಕಾಕೂ, ಹಾ ಫಕ್ತ ದಿಸಾಯಲಾ,” ಬರೀ ನೋಟಕ್ಕೆ, ಎಂದು ಅವನೇ ಮರಾಠಿಯಲ್ಲಿ ಎಚ್ಚರಿಸಿದ. ಜೊತೆಗೆ ಬಂದಿದ್ದ ಸೋದರತ್ತೆಗೆ ಅದೇ ಹಿಡಿಸಿತು. ಚರ್ಮದ ಬಣ್ಣದ ಮಾದರಿ ತುಣುಕುಗಳನ್ನು ಸೀರೆ ಅಂಗಡಿಯಲ್ಲಿ ಕುಳಿತಂತೆ ತಿರುವಿ ಹಾಕಿ, ಎಲ್ಲಕ್ಕಿಂತ ಬೆಳ್ಳಗಿನದನ್ನು ಆರಿಸಿದಳು. ಹಿಂದೆ ಹೆಣ್ಣು ನೋಡಲು ಬಂದವರು ಅವ್ವನ ಕಪ್ಪು ಬಣ್ಣದಲ್ಲಿ ಕಂಡಿದ್ದ ಕೊರತೆಯನ್ನು ವಿಜ್ಞಾನ ಕೊನೆಗೂ ಒಂದು ಕೈಮಟ್ಟಿಗೆ ನೀಗಿಸಿತು.

ಕುಬಸದ ದಿನ ಹೊಸ ಕೈಗೆ ಹಸಿರು ಬಳೆ ತೊಡಿಸಿದರು. ಬಂದವರೆಲ್ಲ ನನಗಿಂತ ಹೆಚ್ಚು ಅದನ್ನೇ ಮುಟ್ಟಿ ನೋಡಿದರು. ನಾನು ಸೆರಗೊಡ್ಡಿ ಕುಳಿತೆ. ಅವ್ವ ಆ ಬೆರಳುಗಳನ್ನು ಅಕ್ಕಿಯಲ್ಲಿ ಅದ್ದಿ ಎತ್ತಿದಳು. ನಾಲ್ಕು ಕಾಳೂ ಬರಲಿಲ್ಲ. ಇನ್ನೊಮ್ಮೆ ಅದ್ದಿದಳು.

“ನಡೀತದ್ರಿ ವೈನಿ, ಖಾಲಿ ಕೈ ಮುಟ್ಟಿಸಿದರೂ ಸಾಕು, ಶಾಸ್ತ್ರಕ್ಕ,” ಎಂದಳು ಅತ್ತೆ.

ನನಗೆ ಅಳು ಬಂತು. ಅವ್ವನಿಗೆ ಬಂದದ್ದು ಸಿಟ್ಟು. ಬಳೆಸಮೇತ ಕೈಯನ್ನು ಕಳಚಿ ಅತ್ತೆಯ ತೊಡೆಯ ಮೇಲಿಟ್ಟಳು.

“ತೊಗೊಳ್ರಿ ನಿಮ್ಮ ಬಲಗೈ. ಶಾಸ್ತ್ರ ಅದs ನೋಡಕೊಳ್ಳಲಿ.”

ಆಮೇಲೆ ಎಡಗೈ ತುಂಬ ಅಕ್ಕಿ ಹಿಡಿದು ಐದು ಸಲ ನನ್ನ ಉಡಿಗೆ ಸುರಿದಳು. ಸೆರಗು ಭಾರಕ್ಕೆ ಜಗ್ಗಿತು. ಕೊನೆಗೆ, ಅಕ್ಕಿಯ ಹಿಟ್ಟು ಮೆತ್ತಿದ ಆ ಕಪ್ಪು ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟಳು.